ಹೈಡ್ರೋಜನ್ ಪೆರಾಕ್ಸೈಡ್ ಅವರ ಸನ್ನಿಧಾನಕ್ಕೆ, ಒಂದು ಗೀರಿನ ವಿಷಯವಾಗಿ

ಸಕಲ ಜೀವಕೋಶಗಳ ಒಳಗೂ ಹೊರಗೂ ಏಕಕಾಲದಲ್ಲಿ ಕಚೇರಿ ತೆರೆದು ಕುಳಿತಿರುವ, ರಜೆಯನ್ನೇ ಕಾಣದ, ವರ್ಗಾವಣೆಯನ್ನೇ ಅರಿಯದ ಶ್ರೀ ಹೈಡ್ರೋಜನ್ ಪೆರಾಕ್ಸೈಡ್ ಅವರಿಗೆ, ಜೀವಕೋಶಗಳನ್ನು ತಟ್ಟೆಗಳಲ್ಲಿ ಸಾಕುವ ಎರಡನೇ ಮಹಡಿಯ ಕೋಶಕೊಠಡಿಯ ಉಸ್ತುವಾರಿಯಾದ ನಾನು ಎರಡೂ ಕೈ ತೊಳೆದು, ಒರೆಸಿ, ಕೈಗವಸು ಕಳಚಿ ಮಾಡುವ ನಮಸ್ಕಾರಗಳು.

ಮಾನ್ಯರೇ,

‘ಉಸಿರು ಕೊಟ್ಟ ಕೈಯೇ ಉರಿಯ ಹಚ್ಚಿತು’ ಎಂಬ ಸಾಲೊಂದನ್ನು ಎಲ್ಲೋ ಓದಿದ ನೆನಪು. ಅಥವಾ ‘ಉರಿಯ ಹಚ್ಚಿದ ಕೈಯೇ ಉಸಿರ ಕೊಟ್ಟಿತು’ ಎಂದಿತ್ತೋ ಏನೋ. ಯಾರು ಬರೆದರು, ಯಾವ ಪುಸ್ತಕ, ಒಂದೂ ನೆನಪಿಲ್ಲ. ಪುಟದ ಕೆಳಗೆ ಚಹಾ ಲೋಟದ ಗುಂಡನೆಯ ಕಲೆಯಿತ್ತು ಎಂಬುದಷ್ಟೇ ಖಾತ್ರಿ. ಮೊದಲನೆಯ ರೀತಿಯಲ್ಲಿ ಓದಿದರೆ ಅದು ದೂರು, ಎರಡನೆಯ ರೀತಿಯಲ್ಲಿ ಓದಿದರೆ ಕೃತಜ್ಞತೆ. ಒಂದೇ ಕೈ ಎರಡನ್ನೂ ಮಾಡಿದ್ದಾದರೆ ಆ ಕೈಯನ್ನು ಹಿಡಿದು ಕುಲುಕಬೇಕೋ, ಹಿಡಿದು ಪೊಲೀಸರಿಗೆ ಕೊಡಬೇಕೋ ಎಂಬುದನ್ನು ಕವಿ ಹೇಳಿಯೇ ಇಲ್ಲ. ಕವಿಗಳಿಗೆ ಇಂಥ ಸವಲತ್ತು ಉಂಟು. ನನಗಿಲ್ಲ. ಆದ್ದರಿಂದ ಸದ್ಯಕ್ಕೆ ಇದನ್ನು ದೂರೆಂದೇ ಭಾವಿಸಿ ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಪರಿಚಯವಿಲ್ಲದ ದಾರಿಹೋಕರ ಸಲುವಾಗಿ ತಮ್ಮ ಕುಲಗೋತ್ರವನ್ನು ಮೊದಲು ಹೇಳಿಬಿಡುವುದು ಮರ್ಯಾದೆ. ನೀರಿನಲ್ಲಿ ಹೈಡ್ರೋಜನ್ ಎರಡು, ಆಮ್ಲಜನಕ ಒಂದು. ತಮ್ಮಲ್ಲಿ ಹೈಡ್ರೋಜನ್ ಎರಡು, ಆಮ್ಲಜನಕವೂ ಎರಡು. ಅಂದರೆ ತಾವು ನೀರಿನ ಮನೆತನದವರೇ. ಊರೆಲ್ಲ ಹೊಗಳುವ ಅಣ್ಣನಿಗೆ ತಮ್ಮನಾಗಿ ಹುಟ್ಟಿ, ಹೆಗಲ ಮೇಲೆ ಒಂದು ಗಂಟು ಹೆಚ್ಚಿಗೆ ಹೊತ್ತು, ಅದನ್ನು ಯಾರ ಮನೆಯ ಜಗುಲಿಯಲ್ಲಿ ಇಳಿಸಲಿ ಎಂದು ಬಾಗಿಲು ಬಾಗಿಲು ಅಲೆಯುತ್ತಿರುವವರು. ನಾವು ಎಳೆದುಕೊಂಡ ಉಸಿರನ್ನು ಕೋಶದೊಳಗಿನ ಪುಟಾಣಿ ಒಲೆಗಳು ಉರಿಸುವಾಗ ಒಂದೆರಡು ಕಿಡಿ ಹೊರಗೆ ಸಿಡಿಯುತ್ತವೆ. ಆ ಕಿಡಿಗಳು ತಣಿಯುವ ದಾರಿಯಲ್ಲಿ ತಾವು ಅವತರಿಸುತ್ತೀರಿ. ಹೃದಯದ ನಾಳದಿಂದ ಕಣ್ಣಿನ ಪೊರೆಯವರೆಗೆ, ಸಕ್ಕರೆ ಕಾಯಿಲೆಯಿಂದ ಮುಪ್ಪಿನವರೆಗೆ, ಮನುಷ್ಯನ ಯಾವ ಕಷ್ಟದ ಕಡತವನ್ನು ತೆರೆದರೂ ಅಂಚಿನಲ್ಲಿ ತಮ್ಮ ಹೆಸರು ಪೆನ್ಸಿಲ್ಲಿನಲ್ಲಾದರೂ ಬರೆದಿರುತ್ತದೆ. ಇಷ್ಟೊಂದು ಇಲಾಖೆಗಳಲ್ಲಿ ಆರೋಪ ಹೊತ್ತೂ ಒಂದು ದಿನವೂ ಅಮಾನತಾಗದ ತಮ್ಮ ಸೇವಾದಾಖಲೆಯನ್ನು ಕಂಡು ಕೈ ಮುಗಿಯುತ್ತೇನೆ.

ಮೊದಲು ನನ್ನ ತಲೆಯ ವಿಷಯ. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕಾರ್ಖಾನೆಗಳಿರುತ್ತವೆ, ಅಲ್ಲಿ ತಮ್ಮನ್ನು ಹಿಡಿದು ನೀರು ಮಾಡಿ ಕಳಿಸುವ ಒಂದು ಕಿಣ್ವವಿರುತ್ತದೆ, ವಯಸ್ಸಾದಂತೆ ಆ ಕಿಣ್ವ ಸೋಮಾರಿಯಾಗಿ ತಾವು ಅಲ್ಲಿ ಗುಂಪುಗೂಡಿ ಬಣ್ಣವನ್ನು ಬುಡದಲ್ಲೇ ತೊಳೆದುಬಿಡುತ್ತೀರಿ ಎಂದು ಒಂದು ಸಂಶೋಧನಾ ಲೇಖನದಲ್ಲಿ ಓದಿದೆ. ನಲವತ್ತೇಳು ವರ್ಷದ ನನಗೆ ಅದು ಸಿಡಿಲಿನಂಥ ಸುದ್ದಿ. ನರೆಗೆ ಚಿಂತೆ ಕಾರಣ, ಬೋರ್‌ವೆಲ್ ನೀರು ಕಾರಣ, ನಾದಿನಿ ಕಾರಣ ಎಂದೆಲ್ಲ ಇಷ್ಟು ವರ್ಷ ಅವರಿವರ ಮೇಲೆ ಹಾಕಿದ್ದ ಅಪವಾದಗಳನ್ನು ಒಂದೇ ಸಂಜೆಯಲ್ಲಿ ಹಿಂತೆಗೆದುಕೊಂಡು, ಅಷ್ಟನ್ನೂ ಬಡ್ಡಿ ಸಮೇತ ತಮ್ಮ ಹೆಸರಿಗೆ ವರ್ಗಾಯಿಸಿದೆ. ನಮ್ಮವರು ಕಬ್ಬಿಣದ ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪಿನವರು. ಇಪ್ಪತ್ತೈದು ವರ್ಷದಿಂದ ತುಕ್ಕಿನೊಂದಿಗೆ ಸೆಣಸಾಡುತ್ತಿರುವವರು. ನಾನು ಲೇಖನವನ್ನು ಓದಿ ಹೇಳಿದರೆ, ಅವರು ಉಗುರಿನ ಸಂದಿಯ ಬಣ್ಣ ಕೆರೆಯುತ್ತ, “ಇಷ್ಟೇ ತಾನೆ? ನಿಂದೂ ತುಕ್ಕೇ ಕಣೇ. ಉಜ್ಜಿ, ಒಂದು ಕೋಟ್ ರೆಡ್ ಆಕ್ಸೈಡ್ ಹೊಡೆದ್ರೆ ಐದು ವರ್ಷ ತಿರುಗಿ ನೋಡ್ಬೇಕಾಗಿಲ್ಲ” ಎಂದರು. ಸಂಸಾರದಲ್ಲಿ ವಿಜ್ಞಾನಕ್ಕೆ ಸಿಗುವ ಪ್ರೋತ್ಸಾಹ ಇಷ್ಟು.

ಆ ಕೋಪ ನನ್ನ ತಲೆಯ ಮೇಲೆಯೇ ಉಳಿದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಅದು ಟಿಫಿನ್ ಡಬ್ಬಿಯ ಜೊತೆ ಕೆಲಸಕ್ಕೂ ಬಂತು.

ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಸ್ಥಳಾವಕಾಶ ಸಮಿತಿ ಎಂಬುದೊಂದಿದೆ. ಯಾವ ವಿಭಾಗಕ್ಕೆ ಯಾವ ಕೊಠಡಿ ಎಂದು ನಿರ್ಧರಿಸುವ ಈ ಸಮಿತಿಗೆ ಸಭೆ ಸೇರಲು ಸ್ವಂತ ಸ್ಥಳಾವಕಾಶವಿಲ್ಲ. ಮೂವರು ಸದಸ್ಯರೂ ಮೆಟ್ಟಿಲ ಕೆಳಗೆ, ಕೆಟ್ಟ ಜೆರಾಕ್ಸ್ ಯಂತ್ರದ ಪಕ್ಕ ನಿಂತು ನಿರ್ಣಯಗಳನ್ನು ಅಂಗೀಕರಿಸುತ್ತಾರೆ. ಒಂದು ಸೋಮವಾರ ನನ್ನ ಬಾಗಿಲಿಗೆ ಅವರ ನೋಟೀಸು ಅಂಟಿತು: ಕೋಶಕೊಠಡಿಯನ್ನು ಸಭಾಕೊಠಡಿಯಾಗಿ ಪರಿವರ್ತಿಸುವ ಪ್ರಸ್ತಾವವಿದ್ದು, ಕೊಠಡಿಯ ಉಪಯುಕ್ತತೆಯನ್ನು ಸಾಬೀತುಪಡಿಸುವ ಫಲಿತಾಂಶವೇನಾದರೂ ಇದ್ದಲ್ಲಿ ಮೂರನೆಯ ವಾರದ ಗುರುವಾರ ಹಾಜರುಪಡಿಸತಕ್ಕದ್ದು. ಇಲ್ಲದಿದ್ದರೆ ಕೋಶಗಳನ್ನು ಬ್ಲೀಚು ಹಾಕಿ ವಿಲೇವಾರಿ ಮಾಡುವುದು, ಉಸ್ತುವಾರಿಯನ್ನು ಕಡತ ವಿಭಾಗಕ್ಕೆ ಕಳಿಸುವುದು. ಮಾನ್ಯರೇ, ಹತ್ತೊಂಬತ್ತು ವರ್ಷದಿಂದ ನಾನು ಆ ಕೋಶಗಳಿಗೆ ದಿನ ಬಿಟ್ಟು ದಿನ ಊಟ ಹಾಕಿದ್ದೇನೆ. ನಸುಗೆಂಪು ಆಹಾರರಸ ಹಳದಿಗೆ ತಿರುಗಿದರೆ ಅವಕ್ಕೆ ಹಸಿವೆಂದು ನನಗೆ ದೂರದಿಂದಲೇ ತಿಳಿಯುತ್ತದೆ. ನನ್ನ ಮದುವೆಯ ವಾರ್ಷಿಕದ ದಿನವೂ ಮೊದಲು ಅವುಗಳ ಹೊಟ್ಟೆ ನೋಡಿ, ಆಮೇಲೆ ಸಿನಿಮಾಕ್ಕೆ ಹೋದವಳು. ಅಂಥ ಕೊಠಡಿಯಲ್ಲಿ ಮೂವರು ಗಂಡಸರು ಕೂತು ಮುಂದಿನ ಸಭೆಯ ದಿನಾಂಕ ನಿಗದಿ ಮಾಡುತ್ತಾರೆಂಬ ಯೋಚನೆಗೇ ನಾನು ಕೊಠಡಿಯ ಚಿಲಕವನ್ನು ಒಳಗಿನಿಂದ ಹಾಕಿಕೊಂಡೆ.

ಹಾಜರುಪಡಿಸಲು ನಮ್ಮ ಬಳಿ ಇದ್ದದ್ದು ಗೀರಿನ ಪ್ರಯೋಗ. ತಟ್ಟೆಯ ತಳದಲ್ಲಿ ಚರ್ಮದ ಕೋಶಗಳು ಬೆಳಗಿನ ಬಸ್ಸಿನಲ್ಲಿ ನಿಂತವರಂತೆ ಒತ್ತೊತ್ತಾಗಿ ಹರಡಿಕೊಂಡ ಮೇಲೆ, ಪಿಪೆಟ್ಟಿನ ಹಳದಿ ಪ್ಲಾಸ್ಟಿಕ್ ಮೂತಿಯಿಂದ ನಡುವೆ ಒಂದು ಗೆರೆ ಎಳೆಯುವುದು. ಅದೇ ಗಾಯ. ಎರಡೂ ದಡದ ಕೋಶಗಳು ನಿಧಾನವಾಗಿ ಮುಂದೆ ಬಂದು ಆ ಖಾಲಿ ಜಾಗವನ್ನು ಮುಚ್ಚುತ್ತವೆ. ಎಷ್ಟು ಬೇಗ ಮುಚ್ಚಿತು ಎಂದು ಫೋಟೋ ತೆಗೆದು ಅಳೆಯುವುದು. ಹೇಳಿಕೊಳ್ಳಬಾರದು, ಆದರೆ ನಮ್ಮ ಕಟ್ಟಡದಲ್ಲಿ ಉಸಿರು ಬಿಗಿಹಿಡಿದು ನೆಟ್ಟಗೆ ಗೀರು ಎಳೆಯುವವಳು ನಾನೊಬ್ಬಳೇ. ನಮ್ಮ ಪ್ರೊಫೆಸರು ಎಳೆದ ಗೀರು ನದಿಯಂತೆ ಬಳುಕುತ್ತದೆ. ಉತ್ಕರ್ಷಣವನ್ನು ತಡೆಯುವ ವಿಟಮಿನ್ನುಗಳನ್ನು ಕೊಟ್ಟರೆ, ಅಂದರೆ ತಮ್ಮನ್ನು ದೂರವಿಟ್ಟರೆ, ಗಾಯ ಬೇಗ ಮಾಯುತ್ತದೆ ಎಂಬುದು ಪ್ರೊಫೆಸರ ನಂಬಿಕೆ. ನನ್ನದು ನಂಬಿಕೆಯಲ್ಲ, ಹಗೆತನ. ಅವರು ಚೀಟಿಯಲ್ಲಿ ಬರೆದುಕೊಟ್ಟ ಪ್ರಮಾಣದ ಸಿ ವಿಟಮಿನ್ನು ನನ್ನ ಕಣ್ಣಿಗೆ ಜಿಪುಣತನವಾಗಿ ಕಂಡಿತು. ಕನ್ನಡಿಯಲ್ಲಿ ಕಂಡ ಬೈತಲೆಯನ್ನು ನೆನೆದುಕೊಂಡು ಹತ್ತು ಪಟ್ಟು ಸುರಿದೆ. ಇಪ್ಪತ್ತಮೂರು ತಟ್ಟೆಗಳಿಗೂ. ಇಪ್ಪತ್ತನಾಲ್ಕನೆಯದಕ್ಕೆ ಮಾತ್ರ ಏನೂ ಹಾಕಲಿಲ್ಲ. ಹೋಲಿಕೆಗೆಂದು ಒಂದು ತಟ್ಟೆಯನ್ನು ಹಾಗೇ ಬಿಡುವುದು ನಮ್ಮ ಕಸುಬಿನ ಕಟ್ಟಳೆ, ಅದನ್ನು ಮೀರುವಷ್ಟು ಕೋಪ ನನಗಿನ್ನೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಇಪ್ಪತ್ತಮೂರು ತಟ್ಟೆಗಳಲ್ಲೂ ಕೋಶಗಳು ನೆಲ ಬಿಟ್ಟು, ಗುಂಡಗಾಗಿ, ಮುತ್ತಿನ ಸರ ಹರಿದಂತೆ ತೇಲುತ್ತಿದ್ದವು. ಪ್ರೊಫೆಸರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, “ಏನ್ರೀ ಇದು? ಗಾಯ ವಾಸಿ ಮಾಡಿ ಅಂದ್ರೆ ಊರನ್ನೇ ಖಾಲಿ ಮಾಡಿಸಿದ್ದೀರಲ್ರೀ!” ಎಂದರು. ನನಗೆ ನಂಬಿಕೆ ಬರಲಿಲ್ಲ. ಅನುಮಾನದಿಂದ ಆಹಾರರಸಕ್ಕೆ ತಮ್ಮನ್ನು ಪತ್ತೆಹಚ್ಚುವ ಕಾಗದದ ಪಟ್ಟಿಯನ್ನು ಅದ್ದಿದೆ. ಅದು ಕಡುನೀಲಿಯಾಯಿತು. ತಾವೇ! ನಾನು ತಮ್ಮನ್ನು ಓಡಿಸಲೆಂದು ಕರೆತಂದ ಸಿ ವಿಟಮಿನ್ನು, ತೆರೆದ ತಟ್ಟೆಯ ಗಾಳಿಯನ್ನೂ ರಸದಲ್ಲಿದ್ದ ಲೋಹದ ಸಣ್ಣ ಅಂಶವನ್ನೂ ಜೊತೆಗೆ ಸೇರಿಸಿಕೊಂಡು, ತಮ್ಮನ್ನೇ ಹಿಂಡುಗಟ್ಟಲೆ ಹೆತ್ತು ಹಾಕಿತ್ತು. ಕಳ್ಳನನ್ನು ಹಿಡಿಯಲು ನೇಮಿಸಿದವನೇ ಕಳ್ಳನ ಸೋದರಮಾವನೆಂದು ತಿಳಿದಾಗ ಆಗುವ ಮುಖಭಂಗ ಅದು. ಪುಸ್ತಕದಲ್ಲಿ ಈ ಮಾತು ಇತ್ತು; ಎಂಎಸ್ಸಿಯಲ್ಲಿ ಓದಿಯೂ ಇದ್ದೆ; ಪರೀಕ್ಷೆಗೆ ಬರುವುದಿಲ್ಲವೆಂದು ಆ ಪುಟವನ್ನು ಬಿಟ್ಟಿದ್ದೆ. ಇಪ್ಪತ್ತೈದು ವರ್ಷ ಕಾದು ಪ್ರಶ್ನೆ ಕೇಳಿದ ತಮ್ಮ ತಾಳ್ಮೆಗೆ ಶರಣು.

ಇನ್ನು ಎರಡು ವಾರವಿತ್ತು. ಈ ಸಲ ನಾನು ವಿಟಮಿನ್ನಿನ ಮಧ್ಯಸ್ಥಿಕೆಯನ್ನು ನಂಬದೆ, ತಮ್ಮನ್ನು ನೇರವಾಗಿ ಹಿಡಿದು ನೀರು ಮಾಡುವ ಆ ಕಿಣ್ವವನ್ನೇ ತಟ್ಟೆಗಳಿಗೆ ಹಾಕಿದೆ. ತಾವು ಸಂಪೂರ್ಣ ನಿರ್ಮೂಲ. ಅದೇ ಬಗೆಯ ಕಾಗದದ ಪಟ್ಟಿ ಅದ್ದಿದರೆ ಬೆಳ್ಳಗೇ ಉಳಿಯಿತು. ಅದನ್ನು ಕಂಡು ನಾನು ಕೊಠಡಿಯಲ್ಲಿ ಒಬ್ಬಳೇ ಸಣ್ಣ ಹೆಜ್ಜೆ ಹಾಕಿದ್ದನ್ನು ಇಲ್ಲಿ ಪ್ರಸ್ತಾಪಿಸುವ ಅಗತ್ಯವಿಲ್ಲ. ಕೋಶಗಳು ನಳನಳಿಸುತ್ತಿದ್ದವು. ಅಂಚು ನೆಟ್ಟಗೆ, ಮೈ ಹೊಳಪು, ಮದುಮಕ್ಕಳ ಕಳೆ. ಒಂದೇ ಕೊರತೆ: ಗಾಯ ಮುಚ್ಚುತ್ತಿರಲಿಲ್ಲ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಗೀರು ನಾನು ಎಳೆದಷ್ಟೇ ಅಗಲ. ಪ್ರೊಫೆಸರು ನೋಡಿ, “ತುಂಬಾ ಚೆನ್ನಾಗಿ ಕಾಣ್ತಾವೆ ಮೇಡಂ. ಆದ್ರೆ ಎರಡೂ ದಡದಲ್ಲಿ ಚಾಪೆ ಹಾಸಿ ಪಿಕ್ನಿಕ್ ಮಾಡ್ತಿರೋ ಹಾಗಿದೆಯಲ್ಲ! ಗಾಯ ಆಗಿದೆ ಅಂತ ಅವಕ್ಕೆ ಯಾರೂ ಹೇಳ್ಲಿಲ್ವಾ?” ಎಂದರು.

ಮಾನ್ಯರೇ, ಅವರು ತಮಾಷೆಗೆ ಕೇಳಿದರು. ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ. ಹೇಳಬೇಕಾದವರು ತಾವಲ್ಲವೆ? ಗಾಯವಾದ ಗಳಿಗೆಯಲ್ಲಿ ಅದರ ಅಂಚಿನ ಕೋಶಗಳು ಬೇಕೆಂದೇ ತಮ್ಮನ್ನು ಚಿಟಿಕೆಯಷ್ಟು ತಯಾರಿಸುತ್ತವೆ; ತಾವು ಅಲ್ಲಿಂದ ಪಕ್ಕದ ಮನೆಗೆ ನುಗ್ಗಿ, ಅಲ್ಲಿ ‘ನಿಲ್ಲು’ ಎನ್ನುತ್ತ ಕೂತಿರುವ ಪ್ರೋಟೀನಿನ ಗಂಧಕದ ತುದಿಯೊಂದನ್ನು ಮುಟ್ಟಿ ಅದರ ಬಾಯಿ ಮುಚ್ಚಿಸುತ್ತೀರಿ; ಬಾಯಿ ಮುಚ್ಚಿದೊಡನೆ ಆ ಕೋಶ ಕಾಲು ಚಾಚಿ ಖಾಲಿ ಜಾಗದತ್ತ ಹೊರಡುತ್ತದೆ. ಕೆಲಸ ಮುಗಿದ ಮೇಲೆ ಆ ಗಂಧಕ ಮತ್ತೆ ಮೊದಲಿನಂತಾಗುತ್ತದೆ. ಸುಡುವುದಲ್ಲ, ಬರಿಯ ತಟ್ಟುವುದು. ದೇಹದಲ್ಲಾದರೆ ಬಿಳಿ ರಕ್ತಕಣಗಳಿಗೂ ತಮ್ಮ ಜಾಡೇ ದಾರಿ. ನಾನು ಕಳ್ಳನೆಂದು ಊರು ಬಿಡಿಸಿದ್ದು ಅಂಚೆಯವನನ್ನು.

ಇದರ ಮೇಲೆ ತಮ್ಮ ಇನ್ನೊಂದು ದೊಡ್ಡಸ್ತಿಕೆಯನ್ನೂ ಹೇಳದಿದ್ದರೆ ದೂರು ಅಪೂರ್ಣವಾಗುತ್ತದೆ. ಕೋಶದೊಳಗೆ ಒಬ್ಬ ಕಾವಲುಗಾರನಿದ್ದಾನೆ. ಅವನನ್ನು ಇನ್ನೊಬ್ಬ ತೋಳು ಹಿಡಿದು ಎದ್ದೇಳದಂತೆ ಕೂರಿಸಿರುತ್ತಾನೆ. ತಾವು ಅತಿಯಾದಾಗ ಏನು ಮಾಡುತ್ತೀರಿ? ಹಿಡಿದವನ ಕೈಯನ್ನೇ ಮುಟ್ಟಿ ಹಿಡಿತ ಸಡಿಲಿಸುತ್ತೀರಿ; ಕಾವಲುಗಾರ ಎದ್ದು ಕೋಶದ ಕೇಂದ್ರಕ್ಕೆ ಓಡಿ, ತಮ್ಮನ್ನೇ ಹಿಡಿಯುವ ಪಡೆಯನ್ನು ಕರೆಸುತ್ತಾನೆ. ತನ್ನ ಬಂಧನದ ವಾರಂಟಿಗೆ ತಾನೇ ಮೊದಲ ಸಹಿ ಹಾಕುವ ಅಧಿಕಾರಿಯನ್ನು ನಾನು ಈ ವಯಸ್ಸಿನವರೆಗೆ ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ. ತಮ್ಮ ಸಹವಾಸ ಮಾತ್ರ ಸ್ವಲ್ಪ ಸುಧಾರಿಸಬೇಕು. ಒಬ್ಬರೇ ಬಂದರೆ ತಾವು ಎಷ್ಟೋ ಸಭ್ಯರು. ಬಿಡಿ ಕಬ್ಬಿಣ ಸಿಕ್ಕಿತೆಂದರೆ ಇಬ್ಬರೂ ಸೇರಿ ಹೆತ್ತು ಬೀದಿಗೆ ಬಿಡುವ ಆ ಪುಂಡ ಅಣುವಿಗೆ ಗುರುಹಿರಿಯರೆಂಬ ಭೇದವಿಲ್ಲ, ಕೊಬ್ಬು, ಪ್ರೋಟೀನು, ವಂಶವಾಹಿ ಎಂಬ ಲೆಕ್ಕವಿಲ್ಲ, ಎದುರಿಗೆ ಸಿಕ್ಕಿದ್ದನ್ನು ಕಚ್ಚುತ್ತದೆ. ಕಬ್ಬಿಣದೊಂದಿಗೆ ಬಾಳುವೆ ಮಾಡುತ್ತಿರುವವಳು ನಾನೂ ಹೌದಾದ್ದರಿಂದ ಅನುಭವದಿಂದ ಹೇಳುತ್ತಿದ್ದೇನೆ.

ಮೂರನೆಯ ವಾರ ನಾನು ಹಗೆತನವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋದೆ. ಪಿಕ್ನಿಕ್ ಕೂತ ತಟ್ಟೆಗಳಿಂದ ಕಿಣ್ವವನ್ನು ಮೂರು ಸಲ ತೊಳೆದು ತೆಗೆದೆ. ಮರುದಿನ ಅವು ನಾಚಿಕೊಂಡು ಕಾಲು ಚಾಚಿದ್ದವು, ಅದರ ಮರುದಿನ ಗೀರಿಲ್ಲ. ಎರಡು ವಾರಗಳ ಏನೂ ಹಾಕದ ತಟ್ಟೆಗಳ ಫೋಟೋಗಳನ್ನು ಹುಡುಕಿ ತೆಗೆದೆ. ಅವುಗಳಿಗೆ ಯಾರೂ ಏನೂ ಮಾಡಿರಲಿಲ್ಲವಾದ್ದರಿಂದ ಅವುಗಳನ್ನು ಯಾರೂ ನೋಡಿಯೂ ಇರಲಿಲ್ಲ. ಮನೆಯಲ್ಲಿ ತೊಂದರೆ ಕೊಡದ ಮಗುವಿನ ಪಾಡು. ಎರಡೂ ಸಲ ಅವು ಸದ್ದಿಲ್ಲದೆ ತಂತಮ್ಮ ಗಾಯ ಮುಚ್ಚಿಕೊಂಡು ಕೂತಿದ್ದವು.

ಇನ್ನು ಬುಧವಾರದ ಪ್ರಸಂಗ. ಸಮಿತಿಯ ಮುಂದೆ ನಿಲ್ಲುವವಳು ಕೊಂಚ ಕಣ್ಣಿಗೆ ಕಾಣುವಂತಿರಲಿ ಎಂದು ಬ್ಯೂಟಿ ಪಾರ್ಲರ್ ನಡೆಸುವ ನಾದಿನಿ ನನ್ನನ್ನು ಮಧ್ಯಾಹ್ನ ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಪ್ಲಾಸ್ಟಿಕ್ ಕಟ್ಟಿ, ಎಡಭಾಗದ ಕೂದಲಿಗೆಲ್ಲ ಬಣ್ಣ ಹಚ್ಚಿ, ಬಲಭಾಗಕ್ಕೆ ಬರುವಷ್ಟರಲ್ಲಿ ನಾನು ಬೇಸರ ಕಳೆಯಲು ಅಲ್ಲಿದ್ದ ಬಾಟಲಿಯ ಹಿಂಭಾಗವನ್ನು ಓದಿದೆ. ಬಣ್ಣದೊಂದಿಗೆ ಬೆರೆಸುವ ಆ ದ್ರವದ ಪಟ್ಟಿಯಲ್ಲಿ, ನೀರಿನ ಪಕ್ಕದಲ್ಲೇ, ತಮ್ಮ ಹೆಸರು. ಬುಡದಲ್ಲಿ ಕೂತು ಬಿಳಿ ಮಾಡುವವರೂ ತಾವೇ, ತುದಿಯಲ್ಲಿ ಕೂತು ಕಪ್ಪು ಮಾಡಿಸುವವರೂ ತಾವೇ! ಅಂಚೆಯವನೆಂದು ಕ್ಷಮಿಸಿದ್ದೆನಲ್ಲ, ಅದೆಲ್ಲ ಒಂದೇ ಕ್ಷಣದಲ್ಲಿ ಮರೆತುಹೋಯಿತು. ಪ್ರಯೋಗಾಲಯದಲ್ಲಿ ಒಪ್ಪಿಕೊಳ್ಳುವುದು ಬೇರೆ, ಪಾರ್ಲರಿನಲ್ಲಿ ಸಿಕ್ಕಿಬೀಳುವುದು ಬೇರೆ. ಎದ್ದುಬಿಟ್ಟೆ. “ಅತ್ತಿಗೆ, ಕೂತ್ಕೊಳ್ಳಿ! ಅರ್ಧಕ್ಕೆ ಎದ್ದು ರೋಡಿಗೆ ಹೋದ್ರೆ ನನ್ನ ಅಂಗಡಿ ಮಾನ ಏನಾಗ್ಬೇಕು? ಅದನ್ನ ಹಾಕ್ದೆ ಬಣ್ಣ ಹಿಡಿಯಲ್ಲ ಅಂದ್ರೆ ಹಿಡಿಯಲ್ಲ, ಅದಕ್ಕೆ ನಾನೇನ್ ಮಾಡ್ಲಿ!” ಎಂದು ನಾದಿನಿ ಬಾಚಣಿಗೆ ಹಿಡಿದು ಬಾಗಿಲವರೆಗೂ ಬಂದಳು. ನಾನು ತತ್ವಕ್ಕೆ ಬದ್ಧಳಾಗಿ ಮನೆಗೆ ನಡೆದೆ. ತತ್ವ ಎಷ್ಟು ಎದ್ದು ಕಾಣುತ್ತಿತ್ತೆಂದರೆ, ನಮ್ಮವರು ಗೇಟಿನಲ್ಲೇ ನಿಂತು, “ಲೇ, ಪ್ರೈಮರ್ ಮುಗಿಯೋಕ್ಮುಂಚೆ ಪೇಂಟರ್ ಓಡಿಹೋದ್ನಾ?” ಎಂದು ವೃತ್ತಿಸಹಜ ಕಾಳಜಿಯಿಂದ ವಿಚಾರಿಸಿದರು.

ಗುರುವಾರ, ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ತಲೆಯೊಂದಿಗೆ ನಾನು ಮೆಟ್ಟಿಲ ಕೆಳಗಿನ ಸಮಿತಿಯ ಮುಂದೆ ನಿಂತೆ. ಪ್ರೊಫೆಸರು ಹಿಂದೆ ನಿಂತರು. ಅವರ ನಂಬಿಕೆ ಮುರಿದಿತ್ತು, ಆದರೆ ಬಂದಿದ್ದರು, ಅದನ್ನು ನಾನು ಮರೆಯುವುದಿಲ್ಲ. ಜೆರಾಕ್ಸ್ ಯಂತ್ರದ ಮೇಲೆ ಮೂರು ಫೋಟೋ ಹರಡಿದೆ. ತಾವು ತುಂಬಿ ತುಳುಕಿದ ತಟ್ಟೆ, ಎಲ್ಲರೂ ಸತ್ತದ್ದು. ತಾವು ಇಲ್ಲವೇ ಇಲ್ಲದ ತಟ್ಟೆ, ಗಾಯ ಹಾಗೇ ಉಳಿದದ್ದು. ಮೂರನೆಯದು, ಮಾಯ್ದದ್ದು. ಅಧ್ಯಕ್ಷರು ಲೋಟದ ನೀರಿಗೆ ಬುಸ್ಸೆನ್ನುವ ವಿಟಮಿನ್ ಮಾತ್ರೆಯೊಂದನ್ನು ಹಾಕಿ, ಅದು ಕರಗುವವರೆಗೆ ನನ್ನ ಬೈತಲೆಯನ್ನು ದಿಟ್ಟಿಸಿ, ಬಳಿಕ ಮೂರನೆಯ ಫೋಟೋದ ಮೇಲೆ ಬೆರಳಿಟ್ಟು, “ಇದಕ್ಕೆ ಏನು ಹಾಕಿದ್ರಿ?” ಎಂದರು. “ಏನೂ ಹಾಕಿಲ್ಲ ಸರ್” ಎಂದೆ. ಅವರು ಉಳಿದಿಬ್ಬರ ಮುಖ ನೋಡಿ, ಗೆದ್ದವರ ಧಾಟಿಯಲ್ಲಿ, “ಅಲ್ಲಮ್ಮಾ, ಏನೂ ಹಾಕ್ದೆ ಇರೋದಕ್ಕೆ ಒಂದು ರೂಮು ಬೇಕಾ?” ಎಂದರು.

ಮಾನ್ಯರೇ, ಆ ಪ್ರಶ್ನೆಯ ಹಿಂದೆಯೇ ನನ್ನ ಹತ್ತೊಂಬತ್ತು ವರ್ಷ ಮೆಟ್ಟಿಲ ಕೆಳಗೆ ಬಂದು ನಿಂತಿತು. ಆಗ ಕಂಕುಳಲ್ಲಿದ್ದ ನನ್ನ ದಾಖಲೆ ಪುಸ್ತಕವನ್ನು ತೆರೆದೆ. ನಮ್ಮ ಕೆಲಸದಲ್ಲಿ ತಪ್ಪು ಬರೆದ ಪುಟವನ್ನು ಹರಿಯುವಂತಿಲ್ಲ, ಗೀಚಿ ಮುಚ್ಚುವಂತಿಲ್ಲ. ಕೆಳಗಿನ ಬರಹ ಕಾಣುವಂತೆ ಒಂದೇ ಗೆರೆ ಎಳೆದು ಸಹಿ ಹಾಕಬೇಕು. ಚೀಟಿಯಲ್ಲಿದ್ದ ಪ್ರಮಾಣ, ನಾನು ಕೋಪದಲ್ಲಿ ಹಾಕಿದ ಹತ್ತು ಪಟ್ಟು, ಅದರ ಮೇಲೊಂದು ಗೆರೆ. ಕಿಣ್ವ, ಅದರ ಮೇಲೊಂದು ಗೆರೆ. ಎರಡೂ ಕಡೆ ನನ್ನ ಸಹಿ. ಓದಿ ತೋರಿಸಿದೆ. ನನ್ನ ಮಾನ ನಾನೇ ಓದುತ್ತಿದ್ದೇನೆ ಎಂದು ಗೊತ್ತಿತ್ತು. ಕೊನೆಗೆ, “ಏನೂ ಹಾಕಬಾರ್ದು ಅಂತ ಗೊತ್ತಾಗ್ಬೇಕಾದ್ರೆ, ಹಾಕಿ ನೋಡಿ ಕೆಡಿಸೋಕೆ ಒಂದು ರೂಮು ಬೇಕು ಸರ್. ಇಲ್ದಿದ್ರೆ ಜನ ಮೈಮೇಲೆ ಹಾಕಿ ನೋಡ್ತಾರೆ” ಎಂದೆ. ತಟ್ಟೆಯ ಮಾತು ತಟ್ಟೆಗೆ, ಮನುಷ್ಯರ ಮಾತು ಬೇರೆ, ನಾನು ಯಾರ ಔಷಧಿಯ ಬಗ್ಗೆಯೂ ಏನೂ ಹೇಳುತ್ತಿಲ್ಲ ಎಂದೂ ಸೇರಿಸಿದೆ.   ಅಧ್ಯಕ್ಷರು ವಿಟಮಿನ್ ಕರಗಿದ ಲೋಟವನ್ನು ಕುಡಿಯದೆಯೇ ಮೆಲ್ಲಗೆ ಯಂತ್ರದ ಹಿಂದಕ್ಕೆ ಸರಿಸಿ, “ಆದೇಶ ಕಳಿಸ್ತೀವಿ” ಎಂದರು.

ಇದಾಗಿ ಒಂಬತ್ತು ದಿನ. ಈ ಪತ್ರ ಬರೆಯುವ ಹೊತ್ತಿಗೆ ಆದೇಶ ಬಂದಿಲ್ಲ. ಕೋಶಗಳಿಗೆ ಮಾತ್ರ ಎಂದಿನಂತೆ ಊಟ ಹಾಕುತ್ತಿದ್ದೇನೆ, ಕೊನೆಯದೋ ಏನೋ ಎಂದು ಪ್ರತಿ ಸಲವೂ ಒಂದು ಹನಿ ಹೆಚ್ಚಿಗೆ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಏನೆಂದರೆ, ತಾವು ದಯಮಾಡಿ ಕೊರಳಿಗೆ ಒಂದು ಗುರುತಿನ ಚೀಟಿ ನೇತುಹಾಕಿಕೊಳ್ಳಬೇಕು, ಅದರಲ್ಲಿ ಇಂದು ಸುದ್ದಿ ತರುವ ಕೆಲಸದಲ್ಲಿದ್ದೀರೋ ಬೆಂಕಿ ಹಚ್ಚುವ ಕೆಲಸದಲ್ಲಿದ್ದೀರೋ ದಪ್ಪ ಅಕ್ಷರದಲ್ಲಿ ಬರೆದಿರಬೇಕು. ವಂಶವಾಹಿಯ ಕೋಣೆಗೆ ಹೋಗುವ ಮುನ್ನ ಬಾಗಿಲಲ್ಲಿ ಸಹಿ ಮಾಡಿ, ಹೊತ್ತ ಗಂಟನ್ನು ಹೊರಗೆ ಇಟ್ಟು ಹೋಗಬೇಕು. ಕೂದಲಿನ ಬುಡಕ್ಕೆ ಭಾನುವಾರವಾದರೂ ರಜೆ ಕೊಡಬೇಕು. ಈಗಾಗಲೇ ಬಿಳಿ ಮಾಡಿದ್ದನ್ನು ಮರಳಿ ಕಪ್ಪು ಮಾಡಲಾಗದಿದ್ದರೆ, ಕನಿಷ್ಠ ಬಲಭಾಗಕ್ಕೆ ಹೊಂದುವಂತೆ ಎಡಭಾಗವನ್ನಾದರೂ ಶೀಘ್ರ ಬಿಳುಪಿಸಿ ಸಮಾನತೆ ಕಾಪಾಡಬೇಕು. ಅತಿಯಾಗಬೇಡಿ ಎಂದರೆ ತಾವು ಎಷ್ಟು ಎಂದು ಕೇಳುತ್ತೀರಿ, ನನಗೂ ಗೊತ್ತಿಲ್ಲ, ಅದನ್ನು ಅಳೆಯಲೆಂದೇ ನನಗೆ ಆ ಕೊಠಡಿ ಬೇಕು. ತಮಗೆ ಆಡಳಿತದ ಮೇಲೆ ಪ್ರಭಾವವಿದೆಯೆಂದು ನಾನು ಬಲ್ಲೆ: ಸಮಿತಿಯ ಮೂವರೊಳಗೂ, ಪ್ರತಿಯೊಂದು ಕೋಶದಲ್ಲೂ, ತಾವು ಈ ಕ್ಷಣ ಹಾಜರಿದ್ದೀರಿ. ‘ನಿಲ್ಲು’ ಎನ್ನುವ ಒಂದು ಸಣ್ಣ ಪ್ರೋಟೀನಿನ ಬಾಯಿ ಮುಚ್ಚಿಸುವುದು ತಮಗೆ ಹೊಸದಲ್ಲ.

ಇಷ್ಟನ್ನು ನಡೆಸಿಕೊಟ್ಟಲ್ಲಿ ಈ ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ನಡೆಸಿಕೊಡದಿದ್ದಲ್ಲಿಯೂ ತಾವು ಬಂದು ಹೋಗುತ್ತಿರಬೇಕು. ನಾನು ಉಸಿರಾಡುವುದನ್ನು ಬಿಡುವಂತಿಲ್ಲ, ತಾವು ಹುಟ್ಟುವುದನ್ನು ಬಿಡುವಂತಿಲ್ಲ; ಒಬ್ಬರ ಮೇಲೊಬ್ಬರು ದೂರು ಕೊಡುತ್ತಲೇ ಒಂದೇ ಸೂರಿನಡಿ ಇರುವುದು ನಮಗೇನೂ ಹೊಸದಲ್ಲ.

ಇಂತಿ, ಅರ್ಧ ಕಪ್ಪು, ಅರ್ಧ ಬಿಳಿ ತಲೆಯನ್ನು ಪೂರ್ತಿಯಾಗಿ ಬಾಗಿಸಿ,
ತಮ್ಮ ವಿಶ್ವಾಸಿ,
ಕೋಶಕೊಠಡಿಯ ಉಸ್ತುವಾರಿ (ಸದ್ಯಕ್ಕೆ)

ಮರೆತಿದ್ದ ಮಾತು: ಈ ಪತ್ರದ ಒಂದು ಪ್ರತಿಯನ್ನು ಶ್ರೀ ಸಿ ವಿಟಮಿನ್ ಅವರಿಗೂ ಕಳಿಸಿದ್ದೇನೆ. ಒಳ್ಳೆಯವರೆಂಬ ಹೆಸರು ಹೊತ್ತವರ ಮೇಲೆ ದೂರು ಬರೆಯಲು ಬೇರೆ ಕಾಗದ ಬೇಕಾಗುತ್ತದೆ, ಅದು ಇನ್ನೂ ಉದ್ದ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಸಮಿತಿಯ ಆದೇಶ ಮನೆಗೇ ಬಂತು: ‘ಕೋಶಕೊಠಡಿಯ ವಿಷಯದಲ್ಲಿ ಮುಂದಿನ ಆದೇಶದವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು.’ ಮೂರು ಸಲ ಓದಿದರೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದ ಮನೆಯ ಹಿರಿಯರು ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್‌ಕ್ಲರ್ಕ್ ಆಗಿದ್ದು ನಿವೃತ್ತರಾದವರು, ಅವರ ಬಾಗಿಲು ತಟ್ಟಿ ಕಾಗದ ಕೊಟ್ಟೆ. ಅವರು ಕನ್ನಡಕವಿಲ್ಲದೆ, ಹೊಸ್ತಿಲಲ್ಲೇ ನಿಂತು, ಅದನ್ನು ಕೈ ಚಾಚಿದಷ್ಟು ದೂರ ಹಿಡಿದು ಓದಿ, ಮಡಿಸಿ ನನ್ನ ಕೈಗಿಟ್ಟು ಹೇಳಿದರು: “ಅಯ್ಯೋ, ಇದು ಗೆದ್ದ ಕಾಗದ ಕಣಮ್ಮಾ! ‘ಮುಂದಿನ ಆದೇಶದವರೆಗೆ’ ಅಂತ ಮೂವತ್ತೈದು ವರ್ಷದಲ್ಲಿ ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೀನೋ ಲೆಕ್ಕ ಇಲ್ಲ. ಆ ಮುಂದಿನ ಆದೇಶ ಮಾತ್ರ ಒಂದು ಸಲಾನೂ ಟೈಪ್ ಮಾಡಿಲ್ಲ. ಹೋಗಿ, ಇದನ್ನ ತೂಗುಹಾಕೋಕೆ ಆ ರೂಮಿನ ಗೋಡೆಗೆ ಒಂದು ಗಟ್ಟಿ ಮೊಳೆ ಹೊಡ್ಕೊಳ್ಳಿ.”